ರೈಕರ್ ಹೇಳಿದ್ದೂ ಸುಳ್ಳಲ್ಲ, ಆದರೆ...

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಕೌಬಾಯ್ ಸಿನಿಮಾ ‘ಶೇನ್’ (1953) ಅನ್ನು ಹೊಗಳಿದ್ದೀರಿ. ದನದ ಧಣಿ ರೈಕರ್ ಕಷ್ಟಪಟ್ಟು ಹದ ಮಾಡಿದ ನೆಲಕ್ಕೆ ಒಕ್ಕಲುಗಳು ಬಂದು ಬೇಲಿ ಹಾಕಿದರೆ ಅವನಿಗೆ ಸಿಟ್ಟು ಬರಲ್ವಾ? ಅವನನ್ನು ವಿಲನ್ ಮಾಡಿದ್ದು ಅನ್ಯಾಯ. ಇನ್ನೊಂದು, ಕೊನೆಗೆ ಒಕ್ಕಲುಗಳ ಪರ ನಿಂತ ಬಂದೂಕುಗಾರ ಶೇನ್ ಸತ್ತನೋ, ಬದುಕಿದನೋ?

ಉತ್ತರ: ನೀವು ಹೇಳಿದ್ದನ್ನೇ ರೈಕರ್ ಸಿನಿಮಾದೊಳಗೆ ಹೇಳುತ್ತಾನೆ, ಅದೂ ಚೆನ್ನಾಗಿಯೇ. ಜುಲೈ 4ರ ರಾತ್ರಿ, ಅಮೆರಿಕದ ಸ್ವಾತಂತ್ರ್ಯ ದಿನದ ಹಬ್ಬ ಮುಗಿಸಿ ಬಂದ ಒಕ್ಕಲು ಸ್ಟಾರೆಟ್ ಮನೆಯಂಗಳದಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಶಯೆನ್ನರ ಬಾಣ ತಾಗಿದ ಭುಜ ಇವತ್ತಿಗೂ ನೋಯುತ್ತೆ ಅನ್ನುತ್ತಾನೆ. ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಆ ಮಾತನ್ನು ಪೂರ್ತಿ ಆಡಲು ಬಿಟ್ಟಿದ್ದಾರೆ, ಅದಕ್ಕೇ ನನಗೆ ಈ ಸಿನಿಮಾ ಇಷ್ಟ.

ಆದರೆ ಆ ಬಯಲು ರೈಕರ್ ಹೆಸರಿಗೆ ಇರಲಿಲ್ಲ ನೋಡಿ. ಅದು ಸರ್ಕಾರಿ ಜಮೀನು, ಧಣಿಗಳು ಸುಮ್ನೆ ದನ ಬಿಟ್ಟು ಮೇಯಿಸುತ್ತಿದ್ದರು ಅಷ್ಟೆ. 1862ರ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ 160 ಎಕರೆವರೆಗೆ ಹಕ್ಕುಪತ್ರ. ನದಿ ಪಕ್ಕದ ನೆಲಕ್ಕೆ ಬೇಲಿ ಬಿದ್ದರೆ ದನಕ್ಕೆ ನೀರಿಲ್ಲ, ಜಗಳ ಅಲ್ಲಿಂದಲೇ.

ಸಿನಿಮಾ ನಡೆಯುವ ಅಮೆರಿಕದ ವಯೋಮಿಂಗ್‌ನಲ್ಲಿ ಇದು ನಿಜವಾಗಿಯೂ ನಡೆಯಿತು. 1892ರಲ್ಲಿ ದನದ ಧಣಿಗಳು ಟೆಕ್ಸಾಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿ ಜಾನ್ಸನ್ ಕೌಂಟಿಗೆ ನುಗ್ಗಿದರು. ನೇಟ್ ಚಾಂಪಿಯನ್ ಎಂಬ ಸಣ್ಣ ದನಗಾರ ಇದ್ದ ಮನೆಗೆ ಬೆಂಕಿ ಹಚ್ಚಿ, ಹೊರಗೆ ಓಡಿ ಬಂದಾಗ ಗುಂಡಿಟ್ಟರು. ಆಮೇಲೆ ಊರವರೇ ತಿರುಗಿ ಬಿದ್ದು ಸುತ್ತುವರಿದಾಗ ಧಣಿಗಳನ್ನು ಉಳಿಸಲು ಬಂದದ್ದು ಯಾರು ಗೊತ್ತಾ, ಸರ್ಕಾರದ ಕುದುರೆ ಸೈನ್ಯ! ಯಾರಿಗೂ ಶಿಕ್ಷೆ ಆಗಲಿಲ್ಲ.

ರೈಕರ್ ಮಾಡಿದ್ದೂ ಅದನ್ನೇ ಅಲ್ವಾ, ಬಾಡಿಗೆ ಬಂದೂಕುಗಾರ ವಿಲ್ಸನ್‌ನನ್ನು ಕರೆಸಿದ. ಮರದ ಹಲಗೆಯ ಜಗಲಿ ಮೇಲೆ ವಿಲ್ಸನ್, ಕೆಳಗೆ ಕೆಸರಲ್ಲಿ ಕಾಲು ಜಾರುತ್ತಾ ಬಡಪಾಯಿ ಒಕ್ಕಲು ಟೋರಿ. ಗುಂಡು ತಾಗಿದ್ದೇ ಅವನು ಹಿಂದಕ್ಕೆ ಎಗರಿ ಬೀಳುತ್ತಾನೆ (ಬೆನ್ನಿಗೆ ತಂತಿ ಕಟ್ಟಿ ಎಳೆದಿದ್ದರಂತೆ). ಅಲ್ಲಿವರೆಗೆ ರೈಕರ್ ಬಗ್ಗೆ ನನಗಿದ್ದ ಕನಿಕರ ಆ ಕೆಸರಲ್ಲೇ ಹೋಯಿತು. ಇನ್ನು ಆ ಬಾಣ ಬಿಟ್ಟ ಶಯೆನ್ನರದೂ ಒಂದು ವಾದ ಇತ್ತಲ್ಲ, ಅದನ್ನು ಹೇಳಲು ಸಿನಿಮಾದಲ್ಲಿ ಒಬ್ಬನೂ ಇಲ್ಲ. ನಿಮ್ಮ ಪತ್ರದಲ್ಲೂ ಇಲ್ಲ, ನನ್ನ ಲೇಖನದಲ್ಲೂ ಇರಲಿಲ್ಲ.

ಶೇನ್ ವಿಚಾರ: ಗುಂಡೇಟು ಬಿದ್ದಿದೆ, ಸ್ಟಾರೆಟ್ ಮಗ ಜೋಯಿ ಕೂಗುತ್ತಲೇ ಇದ್ದಾನೆ, ಕುದುರೆ ಸ್ಮಶಾನ ದಾಟಿ ಬೆಟ್ಟ ಹತ್ತುತ್ತದೆ. ನಮ್ಮ ಕಚೇರಿಯಲ್ಲಿ ಇಬ್ಬರು ಸತ್ತ ಅಂತಾರೆ. ನಾನು ಬದುಕಿದ ಅಂತ.