‘ಅನ್ನಿಸುತ್ತೆ’ ಅಂದ ಮಾತ್ರಕ್ಕೆ ಅದು ಭಾವನೆಯಲ್ಲ

ಪ್ರಶ್ನೆ: ದೂರದೆ ನಮ್ಮ ಭಾವನೆ, ಅಗತ್ಯ ಹೇಳಿಕೊಳ್ಳುವ ‘ಅಹಿಂಸಾತ್ಮಕ ಸಂವಹನ’ದ ಶಿಬಿರದಲ್ಲಿ ಕಲಿತಂತೆಯೇ ತಮ್ಮನ ಹತ್ತಿರ ಮಾತಾಡಿದೆ. ‘ಅಮ್ಮನನ್ನು ನನ್ನ ತಲೆಗೇ ಕಟ್ಟಿದ್ದೀಯ ಅಂತ ಅನ್ನಿಸುತ್ತೆ’ ಅಂದೆ. ಎದ್ದು ಹೋದ. ನನ್ನ ತಪ್ಪೇನು?

ಉತ್ತರ: ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಒಂದೇ ದಿನದಲ್ಲಿ ಸಂಬಂಧ ಸರಿಮಾಡುವ ವಾಕ್ಯ ಕಲಿಸುತ್ತೇವೆ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ನೀವು ಮಾಡಿದ್ದು ಆರೋಪ. ಅದರ ಕೊನೆಗೆ ‘ಅನ್ನಿಸುತ್ತೆ’ ಸೇರಿಸಿದ್ದೀರಿ, ಅಷ್ಟೆ. 1960ರ ದಶಕದಿಂದ ಈ ವಿಧಾನವನ್ನು ಬೆಳೆಸಿದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ ಒತ್ತಿ ಹೇಳಿದ್ದೂ ಇದನ್ನೇ: ‘ಕಡೆಗಣಿಸಿದರು’, ‘ಮೋಸ ಮಾಡಿದರು’ ಎಂಬುದು ಎದುರಿನವರ ಬಗ್ಗೆ ನಮ್ಮ ತೀರ್ಪು. ದಣಿವು, ಭಯ, ದುಃಖ ಇವು ಭಾವನೆ.

‘ಈ ತಿಂಗಳು ನಾಲ್ಕು ಸಲ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸುಸ್ತಾಗಿದೀನಿ, ಸ್ವಲ್ಪ ಬಿಡುವು ಬೇಕು. ಮುಂದಿನ ಎರಡು ಸಲ ನೀನು ಹೋಗ್ತೀಯಾ?’ ಇದನ್ನು ಗಟ್ಟಿಯಾಗಿ ಓದಿ ನೋಡಿ. ಅಲ್ಲಗಳೆಯಲು ಇದರಲ್ಲಿ ಏನೂ ಇಲ್ಲ. ಅವನು ‘ಆಗಲ್ಲ’ ಅಂದಾಗ ನಿಮ್ಮ ಸಿಟ್ಟು ನೆತ್ತಿಗೇರಿದರೆ ಮಾತ್ರ, ಕೇಳಿದ್ದು ಕೋರಿಕೆಯಲ್ಲ, ಅಪ್ಪಣೆ. ಎಗರಬೇಡಿ. ಅವನ ಕಷ್ಟ ಕೇಳಿ, ಕೇಳಿಸಿಕೊಂಡದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ. ‘ಹೌದು, ಅದೇ’ ಎಂದು ಅವನು ಹೇಳುವ ತನಕ ನಿಮ್ಮ ವಾದ ಎತ್ತಬೇಡಿ.

ನನ್ನೆದುರು ಕೂತಿದ್ದ ಒಬ್ಬ ತಮ್ಮ, ಅಕ್ಕ ಹೀಗೆ ಕೇಳಿದಾಗ, ಬಹಳ ಹೊತ್ತು ಬೀಗದ ಕೈ ತಿರುಗಿಸುತ್ತಲೇ ಇದ್ದ. ಆಮೇಲೆ, ‘ಅಮ್ಮ ನನ್ನ ಗುರುತು ಹಿಡೀದೇ ಹೋದ್ರೆ ಅಂತ ಹೆದರಿಕೆ’ ಅಂದ. ಎರಡು ವರ್ಷ ಅಕ್ಕ ಅದನ್ನು ಸೋಮಾರಿತನ ಅಂದುಕೊಂಡಿದ್ದಳು.

ಎದೆ ಡವಗುಟ್ಟುತ್ತಿದ್ದರೆ ಮಾತು ನಿಲ್ಲಿಸಿ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆದರೆ ಸುಮ್ಮನೆ ಎದ್ದು ಹೋಗಬೇಡಿ, ಯಾವಾಗ ಬರುತ್ತೀರೆಂದು ಹೇಳಿ ಹೋಗಿ.

ಪ್ರಶ್ನೆ: ಸಂವಹನದಲ್ಲಿ ಪದಗಳ ಪಾಲು ಬರೀ ಶೇ 7 ಅಂತೆ?

ಉತ್ತರ: ಸುಳ್ಳು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಬಿಡಿ ಪದ, ದನಿ, ಮುಖಭಾವ ಇಟ್ಟುಕೊಂಡು ಮಾಡಿದ ಪ್ರಯೋಗಗಳ ಅಂಕಿಯನ್ನು ಭಾಷಣಕಾರರು ಎಲ್ಲ ಮಾತಿಗೂ ಅಂಟಿಸಿದ್ದಾರೆ.

ಪ್ರಶ್ನೆ: ದಿಂಬಿಗೆ ಗುದ್ದಿದರೆ ಕೋಪ ಇಳಿಯುತ್ತದೆಯೇ?

ಉತ್ತರ: ಇಲ್ಲ, ಏರುತ್ತದೆ.

ಪ್ರಶ್ನೆ: ಗಂಡ ಹೊಡೆಯುತ್ತಾನೆ. ಕರುಣೆಯಿಂದ ಮಾತಾಡಿದರೆ ಬದಲಾಗುತ್ತಾನೆಯೇ?

ಉತ್ತರ: ಆ ನಂಬಿಕೆಯಲ್ಲಿ ಕಾಯಬೇಡಿ. ನಿಮ್ಮ ಮಾತಿನ ಧಾಟಿ ಸರಿಯಿಲ್ಲದ್ದಕ್ಕೆ ಅವನು ಹೊಡೆಯುತ್ತಿಲ್ಲ. ಹಾಗೆನ್ನುವ ಸಲಹೆಗಾರರ ಬಳಿ ಮತ್ತೆ ಹೋಗಬೇಡಿ. ನಂಬಿಕೆಯ ಒಬ್ಬರಿಗೆ ಇವತ್ತೇ ತಿಳಿಸಿ, ಸುರಕ್ಷಿತವಾಗಿ ಹೊರಬರುವ ದಾರಿಯನ್ನು ಅವರೊಂದಿಗೆ ಕೂತು ಗೊತ್ತುಮಾಡಿಕೊಳ್ಳಿ.