ತಾತನ ಕಾಲದ ಬೇಕರಿ ಭಟ್ಟಿಯಲ್ಲೇ ಪಿಜ್ಜಾ ಅಂಗಡಿ ಶುರು ಮಾಡಬಹುದೇ?

ಮೈಸೂರಿನಲ್ಲಿ ನಿಮ್ಮ ತಾತ ಶುರು ಮಾಡಿದ ಅಯ್ಯಂಗಾರ್ ಬೇಕರಿ, ಬೆಳಿಗ್ಗೆ ಬ್ರೆಡ್ಡು-ಬನ್ನು ಈಗಲೂ ಆಗುತ್ತಿದೆ, ಸಂಜೆ ಅದೇ ಮಳಿಗೆಯಲ್ಲಿ ಪಿಜ್ಜಾ ಮಾಡಲು ಸೌದೆ ಭಟ್ಟಿ ಸಾಕೇ ಎಂದು ಕೇಳಿದ್ದೀರಿ. ಅರ್ಧ ಕೆಲಸಕ್ಕೆ ಸಾಕು.

ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾದ ಆಸೆ ಬಿಡಿ. ಅದು 60–90 ಸೆಕೆಂಡಿನಲ್ಲಿ ಬೇಯಬೇಕು. ಭಟ್ಟಿಯ ನೆಲ 400 ಡಿಗ್ರಿ ಆಸುಪಾಸಿರಬೇಕು, ಪಕ್ಕದಲ್ಲಿ ಉರಿ ಆರಬಾರದು. ಬ್ರೆಡ್ ಭಟ್ಟಿ ಕೆಂಡ ಎಳೆದ ಮೇಲೆ ಇಳಿಯುವ ಕಾವಿನಲ್ಲಿ ಬೇಯಿಸುವಂಥದ್ದು. ನಿಮಗೆ ಒಗ್ಗುವುದು ಟ್ರೇ ಪಿಜ್ಜಾ.

30×40 ಸೆಂ.ಮೀ. ಕಬ್ಬಿಣದ ಟ್ರೇಗೆ ನಾದಿದ ಹಿಟ್ಟು 660 ಗ್ರಾಂ. ಹತ್ತು ಟ್ರೇಗೆ ಮೈದಾ 4 ಕೆ.ಜಿ., ನೀರು 2.5 ಲೀಟರ್, ಉಪ್ಪು 80 ಗ್ರಾಂ, ಎಣ್ಣೆ 80 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 8–10 ಗ್ರಾಂ. ನಾದಿ, ಉಂಡೆ ಕಟ್ಟಿ, 4 ಡಿಗ್ರಿ ಫ್ರಿಜ್‌ನಲ್ಲಿ 24 ಗಂಟೆ ಇಡಿ. ನಮ್ಮಲ್ಲಿ ಹಿಟ್ಟು ಕೆಡುವುದು ಬಹುಪಾಲು ಸೆಕೆಯಿಂದ. ನಾದಿದ ಹಿಟ್ಟು 24 ಡಿಗ್ರಿ ಇರಬೇಕೆಂದರೆ ಅದರ ಮೂರು ಪಟ್ಟಾದ 72ರಿಂದ ಮೈದಾ, ಕೋಣೆ, ಮಿಕ್ಸರ್ ಬಿಸಿ ಮೂರನ್ನೂ ಕಳೆಯಿರಿ: ಮೈದಾ 29, ಕೋಣೆ 30, ಮಿಕ್ಸರ್ 8 ಆದರೆ ನೀರು 5 ಡಿಗ್ರಿ, ಅಂದರೆ ಐಸ್ ನೀರೇ. ಮಳಿಗೆಯ ಮೈದಾ ತೀರಾ ಸಡಿಲವಾಗಿ ಹರಿದರೆ ಮೈದಾ ತೂಕದ 2% ಗ್ಲುಟೆನ್ (ಗೋಧಿಯ ಅಂಟು) ಪುಡಿ ಸೇರಿಸಿ. ಅದಕ್ಕಾಗಿ ಯೀಸ್ಟ್ ಮಾತ್ರ ಹೆಚ್ಚಿಸಬೇಡಿ, ಹುಳಿ ವಾಸನೆ ಬರುತ್ತದೆ.

ಬ್ರೆಡ್ ಇಳಿಸಿದ ಮೇಲೆ ಭಟ್ಟಿಯ ಕಾವು 250 ಡಿಗ್ರಿಯಲ್ಲಿರುವಾಗಲೇ, ಹಿಟ್ಟು ಹರಡಿ ತೆಳ್ಳಗೆ ಸಾಸ್ ಹಚ್ಚಿದ ಟ್ರೇ ಹಾಕಿ, 8 ನಿಮಿಷಕ್ಕೆ ಅರೆಬೆಂದ ತಳ ತೆಗೆದು, ಜಾಲಿಯ ಮೇಲೆ ಆರಿಸಿ. ಬಿಸಿ ಟ್ರೇಯಲ್ಲೇ ಬಿಟ್ಟರೆ ತಳ ಬೆವರಿ ಮೆತ್ತಗಾಗುತ್ತದೆ. ಸಂಜೆ ಗಿರಾಕಿ ಕೇಳಿದಾಗ ಚೀಸ್ ಹಾಕಿ, 280 ಡಿಗ್ರಿಯ ಎಲೆಕ್ಟ್ರಿಕ್ ಡೆಕ್ ಓವನ್‌ನಲ್ಲಿ 4–5 ನಿಮಿಷ. ಮೊದಲೇ ಚೀಸ್ ಹಾಕಿದರೆ ತಳ ಬೇಯುವಷ್ಟರಲ್ಲಿ ಎಣ್ಣೆ ಬಿಟ್ಟು ಚೀಸ್ ರಬ್ಬರಾಗುತ್ತದೆ. ಟ್ರೇಗೆ 230 ಗ್ರಾಂ, ಗಡ್ಡೆ ಮೊಝರೆಲ್ಲಾವನ್ನೇ ತುರಿದು, ತೂಗಿ ಹಾಕಿ. ಕಣ್ಣಳತೆಗೆ ಬಿಟ್ಟರೆ ಲಾಭವೆಲ್ಲ ಅಲ್ಲೇ ಸೋರುತ್ತದೆ.

ಮನೆತನದ ಗುರುತು ಬೇಕೆಂದರೆ ಗೋಡೆಯ ಮೇಲೆ ತಾತನ ಫೋಟೋ ಹಾಕುವುದಕ್ಕಿಂತ ಅವರ ಟೋಸ್ಟ್ ಮಸಾಲೆ, ಅದೇ ಈರುಳ್ಳಿ-ಕ್ಯಾರೆಟ್-ಹಸಿಮೆಣಸಿನಕಾಯಿ ಪಲ್ಯ, ಪಿಜ್ಜಾ ಮೇಲೆ ಬರಲಿ ಎನ್ನುತ್ತೇನೆ. ನೀರೆಲ್ಲ ಇಂಗುವವರೆಗೆ ಬಾಡಿಸಿ ಹಾಕಿ.

ಓವನ್ ಕೊಳ್ಳುವ ಮುಂಚೆ ಮೀಟರಿಗೆ ಮಂಜೂರಾದ ಲೋಡ್ (ಎಷ್ಟು ವಿದ್ಯುತ್ ಎಳೆಯಬಹುದೆಂಬ ಮಿತಿ) ನೋಡಿ. ಹಳೇ ಬೇಕರಿಗಳಲ್ಲಿ ಅದು ಸಾಲುವುದು ಅಪರೂಪ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಬೇಕರಿಗೆ ಮಾತ್ರ ಇದ್ದರೆ ರೆಸ್ಟೋರೆಂಟ್ ವ್ಯವಹಾರವನ್ನೂ ಅದಕ್ಕೆ ಸೇರಿಸಿಕೊಳ್ಳಿ. ಕೂತು ತಿನ್ನುವ ಜಾಗಕ್ಕೆ 5% ಜಿಎಸ್‌ಟಿ ಹಾಕಿದರೆ ಓವನ್, ಚೀಸ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗದು. ಬೆಲೆ ಕಟ್ಟುವಾಗ ಅದನ್ನೂ ಖರ್ಚಿಗೆ ಬರೆದುಕೊಳ್ಳಿ.