ಸಂಧಿವಾತದ ಮಾತ್ರೆ ತಗೋತಿದ್ದರೆ ಲಸಿಕೆ ಹಿಡಿಯುತ್ತಾ?

ಪ್ರಶ್ನೆ: ನನಗೆ 48 ವರ್ಷ, ತೀರ್ಥಹಳ್ಳಿ ಕಡೆಯವಳು. ರುಮಟಾಯ್ಡ್ ಸಂಧಿವಾತ ಇದೆ. ಪ್ರತಿ ಭಾನುವಾರ ರಾತ್ರಿ ಮೆಥೋಟ್ರೆಕ್ಸೇಟ್ 15 ಮಿಲಿಗ್ರಾಂ, ದಿನಾ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ತಗೋತೀನಿ. ಮಳೆಗಾಲಕ್ಕೆ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂದಿದ್ದಾರೆ ಡಾಕ್ಟರು. ಈ ಮಾತ್ರೆ ತಿನ್ನೋರಿಗೆ ಲಸಿಕೆ ಹಿಡಿಯಲ್ಲ, ಸುಮ್ನೆ ದುಡ್ಡು ದಂಡ ಅಂತಾರೆ ನಮ್ಮ ಓರಗಿತ್ತಿ. ಮಾತ್ರೆ ನಿಲ್ಲಿಸಿ ಹಾಕಿಸಿಕೊಳ್ಳಲಾ? ಸೊಪ್ಪಿಗೆ ಕಾಡಿಗೆ ಹೋಗ್ತೀವಿ, ಮಂಗನ ಕಾಯಿಲೆ ಲಸಿಕೆನೂ ಬೇಕಾ?

ಉತ್ತರ: ಫ್ಲೂ ಲಸಿಕೆ ಖಂಡಿತ ಹಾಕಿಸಿಕೊಳ್ಳಿ. ಸಂಧಿವಾತ ಇರೋರಿಗೆ ಜ್ವರ ಎದೆಗಿಳಿದರೆ ಬೇರೆಯವರಿಗಿಂತ ಜಾಸ್ತಿ ಕಾಡುತ್ತದೆ.

ಹಿಡಿಯಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಮೆಥೋಟ್ರೆಕ್ಸೇಟ್ ಇದ್ದಾಗ ದೇಹ ಪ್ರತಿಕಾಯ (ಅಂದ್ರೆ ರೋಗಾಣುವನ್ನು ಎದುರಿಸೋ ಪ್ರೋಟೀನು) ಕಡಿಮೆ ತಯಾರಿಸುತ್ತದೆ, ಆದರೆ ತಯಾರಿಸುತ್ತದೆ. ಅಷ್ಟಿದ್ದರೂ ಆಸ್ಪತ್ರೆ ಸೇರುವಷ್ಟು ಜೋರಾಗದಂತೆ ತಡೆಯಲು ನೆರವಾಗುತ್ತದೆ. ಬ್ರಿಟನ್ನಿನಲ್ಲಿ ಕೋವಿಡ್ ಬೂಸ್ಟರ್ ಆದ ಮೇಲೆ ಎರಡು ವಾರ ಈ ಮಾತ್ರೆ ಬಿಟ್ಟವರಲ್ಲಿ ಪ್ರತಿಕಾಯ ಸುಮಾರು ಎರಡು ಪಟ್ಟಾಗಿದ್ದು 2022ರ ಅಧ್ಯಯನದಲ್ಲಿ ಕಂಡಿತು, ಆದರೆ ಅವರಲ್ಲೇ ಕೀಲುನೋವು ಕೆರಳಿದವರೂ ಜಾಸ್ತಿ. ಫ್ಲೂ ಲಸಿಕೆಗೂ ಹೀಗೆ ಎರಡು ವಾರ ಬಿಡೋದು ಒಳ್ಳೆಯದು, ಕೀಲು ಹತೋಟಿಯಲ್ಲಿದ್ದರೆ ಮಾತ್ರ ಅಂತ ಅಮೆರಿಕದ ಸಂಧಿವಾತ ತಜ್ಞರು 2022ರಲ್ಲಿ ಸಲಹೆ ಕೊಟ್ಟರು. ನಿಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಶನಿವಾರ ಲಸಿಕೆ, ಆಮೇಲೆ ಎರಡು ಭಾನುವಾರ ಮಾತ್ರೆ ಇಲ್ಲ, ಮೂರನೇ ಭಾನುವಾರ ಮತ್ತೆ ಶುರು. ಬೆಳಿಗ್ಗೆ ಎದ್ದಾಗ ಬೆರಳು ಮಡಚಕ್ಕೇ ಆಗದೆ ಹಾಲಿನ ಪಾತ್ರೆ ಹಿಡಿಯೋದೂ ಕಷ್ಟ ಅನ್ನೋ ಸ್ಥಿತಿ ಈಗಲೂ ಇದ್ದರೆ ಇದು ನಿಮಗಲ್ಲ, ಮಾತ್ರೆ ಬಿಡದೇ ಹಾಕಿಸಿಕೊಳ್ಳಿ. ಯಾವುದಕ್ಕೂ ನಿಮ್ಮ ಡಾಕ್ಟರನ್ನು ಕೇಳಿ. ನ್ಯುಮೋನಿಯಾ ಲಸಿಕೆಗೆ ಮಾತ್ರೆ ಬಿಡೋ ಅಗತ್ಯ ಇಲ್ಲ.

ಪ್ರೆಡ್ನಿಸೊಲೋನ್ ಮಾತ್ರ ಒಂದು ದಿನವೂ ನೀವಾಗೇ ನಿಲ್ಲಿಸಬೇಡಿ, ಅಪಾಯ. 5 ಮಿಲಿಗ್ರಾಂ ಲಸಿಕೆಗೆ ಅಡ್ಡಿಯೂ ಅಲ್ಲ.

ಬೇರೆ ಓದುಗರಲ್ಲಿ ಸಂಧಿವಾತಕ್ಕೆ ರಿಟುಕ್ಸಿಮ್ಯಾಬ್ ಅನ್ನೋ ಔಷಧಿಯ ಡ್ರಿಪ್ ಹಾಕಿಸಿಕೊಳ್ಳೋರು ಇದ್ದರೆ ಕೇಳಿ. ಆ ಔಷಧಿ ಪ್ರತಿಕಾಯ ಮಾಡೋ ಬಿ ಕಣಗಳನ್ನೇ ತಿಂಗಳುಗಟ್ಟಲೆ ಇಲ್ಲವಾಗಿಸುತ್ತದೆ. ಫ್ಲೂ ಲಸಿಕೆಗೆ ಕಾಯಬೇಡಿ. ಉಳಿದ ಲಸಿಕೆಗಳನ್ನು ಮುಂದಿನ ಡ್ರಿಪ್ ಹತ್ತಿರ ಬಂದಾಗ ಹಾಕಿಸಿ, ಲಸಿಕೆ ಆದ ಮೇಲೆ ಡ್ರಿಪ್ಪನ್ನು ಕನಿಷ್ಠ ಎರಡು ವಾರ ಮುಂದಕ್ಕೆ ಹಾಕೋದು ವಾಡಿಕೆ.

ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲೇ ನಿಂತಿದೆ. ಈ ಕಾಯಿಲೆ ಹರಡೋದು ಉಣುಗು ಕಚ್ಚಿ, ಅದಕ್ಕೆ ಕಾಡಿಗೆ ಹೋಗುವಾಗ ಉಣುಗು ದೂರ ಇಡೋ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ.

ಒಂದು ಮಾತು ಮರೀಬೇಡಿ. ನಾಯಿ ಕಚ್ಚಿದರೆ ಈ ಭಾನುವಾರದ ಲೆಕ್ಕ ಯಾವುದೂ ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಇಂಥ ಮಾತ್ರೆ ತಗೊಳ್ಳೋ ನಿಮ್ಮಂಥವರಿಗೆ ರೇಬೀಸ್ ಲಸಿಕೆ ಜೊತೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ಅದನ್ನು ಬಾಯಿಬಿಟ್ಟು ಕೇಳಿ.